ಅಚ್ಚಾದ ಹಾಳೆಯನ್ನು ಯು.ವಿ. ಲೇಪಕ್ಕೆ ಸಿದ್ಧಪಡಿಸುವ ಬಗೆ

ಸೂರತ್ತಿನ ರಿಂಗ್ ರೋಡಿನ ಬಟ್ಟೆ ಮಾರುಕಟ್ಟೆಯಲ್ಲಿ ಸೀರೆ ಕೊಂಡವರು ಸೀರೆಗಿಂತ ಮೊದಲು ನೋಡುವುದು ಅದರ ಪೆಟ್ಟಿಗೆಯನ್ನು. ಆ ಪೆಟ್ಟಿಗೆಯ ಮೇಲಿನ ಕನ್ನಡಿಯಂಥ ಹೊಳಪು ಮಸಿಯದೂ ಅಲ್ಲ, ಕಾಗದದ್ದೂ ಅಲ್ಲ. ಅದು ಅಚ್ಚಾದ ಮೇಲೆ ಹಚ್ಚಿದ ಒಂದು ತೆಳುವಾದ ಲೇಪದ ಹೊಳಪು. ಅಹಮದಾಬಾದಿನ ಮದುವೆ ಕಾಗದಗಳು, ಬಟ್ಟೆ ಗಿರಣಿಗಳ ಮಾದರಿ ಪುಸ್ತಕಗಳ ಹೊದಿಕೆಗಳು, ವಡೋದರಾ ಸುತ್ತಿನ ಔಷಧ ಕಾರ್ಖಾನೆಗಳ ರಟ್ಟಿನ ಡಬ್ಬಿಗಳು, ಇವುಗಳಲ್ಲಿ ಬಹಳಷ್ಟಕ್ಕೆ ಇದೇ ಲೇಪ. ಇದನ್ನು ಕೆಲಸದ ಜನ ಯು.ವಿ. ಕೋಟಿಂಗ್ ಎಂದು ಕರೆಯುತ್ತಾರೆ.

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಕೆಲವರು ಮುದ್ರಣಾಲಯಗಳಲ್ಲಿ ಹಾಳೆ ಎತ್ತಿ ಕೊಡುವವರು, ಕೆಲವರು ಲೇಪದ ಯಂತ್ರದ ಬಳಿ ನಿಲ್ಲುವವರು, ಕೆಲವರು ಪೆಟ್ಟಿಗೆ ಮಡಿಸಿ ಅಂಟಿಸುವವರು. ನನ್ನಂಥ ಗಿರಣಿ ಗುಮಾಸ್ತರು ಈ ಮೂರೂ ಮನೆಗಳಿಗೆ ಆರ್ಡರು ಬರೆದು ಬಿಲ್ಲು ಒಪ್ಪಿಸುವವರು. ಒಂದು ಕೆಲಸ ಕೆಟ್ಟರೆ ಇಷ್ಟು ಜನರ ಮೇಲೂ ಹೊಣೆ ಬರುತ್ತದೆ. ಆದುದರಿಂದ ಅಚ್ಚಾದ ಹಾಳೆಯನ್ನು ಲೇಪಕ್ಕೆ ಕಳುಹಿಸುವ ಮುನ್ನ ಹೇಗೆ ಸಿದ್ಧಪಡಿಸಬೇಕು, ಏಕೆ ಹಾಗೆಯೇ ಮಾಡಬೇಕು ಎಂಬುದನ್ನು ಎಲ್ಲರೂ ಅರಿತಿರುವುದು ಒಳ್ಳೆಯದು.

ಲೇಪ ಗಟ್ಟಿಯಾಗುವುದು ಹೇಗೆ?

1801ರಲ್ಲಿ ಜರ್ಮನಿಯ ರಿಟ್ಟರ್ ಎಂಬ ವಿಜ್ಞಾನಿಯು ಬಿಸಿಲನ್ನು ಪಟ್ಟಕದ ಮೂಲಕ ಏಳು ಬಣ್ಣಗಳಾಗಿ ಒಡೆದು, ಬೆಳ್ಳಿಯ ಲವಣ ಹಚ್ಚಿದ ಕಾಗದದ ಮೇಲೆ ಬೀಳಿಸಿದನು. ನೇರಳೆ ಬಣ್ಣದ ಆಚೆ, ಕಣ್ಣಿಗೆ ಏನೂ ಕಾಣದ ಕಡೆಯಲ್ಲಿಯೇ ಕಾಗದವು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಕಣ್ಣಿಗೆ ಕಾಣದ ಆ ಕಿರಣಗಳೇ ಅತಿನೇರಳೆ ಕಿರಣಗಳು. ಅವು ಕೆಲವು ದ್ರವ್ಯಗಳಲ್ಲಿ ರಾಸಾಯನಿಕ ಬದಲಾವಣೆಯನ್ನು ಉಂಟುಮಾಡುತ್ತವೆ. ಈ ಗುಣವನ್ನೇ ಲೇಪದ ಯಂತ್ರವು ಬಳಸಿಕೊಳ್ಳುತ್ತದೆ.

ಯು.ವಿ. ಲೇಪದ ದ್ರವವು ನೀರಿನಂತೆ ಆರುವುದಿಲ್ಲ. ಅದರಲ್ಲಿ ಆವಿಯಾಗಿ ಹೋಗುವ ಭಾಗ ಬಹುಮಟ್ಟಿಗೆ ಇಲ್ಲವೇ ಇಲ್ಲ. ಹಾಲು ಮೊಸರಾಗುವಂತೆ ಅದು ಇದ್ದ ಹಾಗೆಯೇ ಗಟ್ಟಿಯಾಗುತ್ತದೆ. ಹಾಲಿಗೆ ಹೆಪ್ಪು ಇದ್ದಂತೆ ಈ ದ್ರವದಲ್ಲಿ ಬೆಳಕಿಗೆ ಎಚ್ಚರಗೊಳ್ಳುವ ಒಂದು ದ್ರವ್ಯವನ್ನು ಬೆರೆಸಿರುತ್ತಾರೆ. ಪಾದರಸದ ಆವಿಯ ದೀಪದ ಕೆಳಗೆ ಹಾಳೆ ಹಾದುಹೋಗುವಾಗ ಆ ದ್ರವ್ಯವು ಒಡೆದು, ಅಕ್ರಿಲೇಟ್ ಎಂಬ ಸಣ್ಣ ಅಣುಗಳನ್ನು ಒಂದಕ್ಕೊಂದು ಹೆಣೆದು ಬಲೆಯಂತೆ ಮಾಡುತ್ತದೆ. ಮೊಸರಿಗೆ ಒಂದು ರಾತ್ರಿ ಬೇಕು; ಇದಕ್ಕೆ ಒಂದು ಸೆಕೆಂಡೂ ಬೇಡ. ದೀಪಗಳ ಶಕ್ತಿ ಸಾಮಾನ್ಯವಾಗಿ ಸೆಂಟಿಮೀಟರಿಗೆ 80ರಿಂದ 120 ವ್ಯಾಟ್ ಇರುತ್ತದೆ.

ಮುದ್ರಿಸುವ ಯಂತ್ರದಲ್ಲಿಯೇ ಲೇಪ ಹಚ್ಚುವುದು ಒಂದು ಕ್ರಮ. ಒಂದು ಕಡೆ ಅಚ್ಚು ಮಾಡಿ, ಒಣಗಿಸಿ, ಬೇರೊಂದು ಯಂತ್ರದಲ್ಲಿ, ಅನೇಕ ವೇಳೆ ಬೇರೊಂದು ಕಾರ್ಖಾನೆಯಲ್ಲಿ, ಲೇಪ ಹಚ್ಚುವುದು ಎರಡನೆಯ ಕ್ರಮ. ನಾವು ಇಲ್ಲಿ ಹೇಳುತ್ತಿರುವುದು ಈ ಎರಡನೆಯದನ್ನು. ಇದರಲ್ಲಿ ಹಾಳೆಯು ಕೈಯಿಂದ ಕೈಗೆ ಹೋಗುತ್ತದೆ. ಲೇಪ ಚೆನ್ನಾಗಿ ಬರುವುದೂ ಕೆಡುವುದೂ ಹೆಚ್ಚಾಗಿ ನಿಶ್ಚಯವಾಗುವುದು ಲೇಪದ ಯಂತ್ರದಲ್ಲಲ್ಲ, ಅದಕ್ಕೆ ಮುಂಚೆ ಮುದ್ರಣಾಲಯದಲ್ಲಿ.

ಮಸಿ ಪೂರಾ ಒಣಗಿರಬೇಕು

ಆಫ್‌ಸೆಟ್ ಮುದ್ರಣದ ತಳಹದಿ ಕಲ್ಲಚ್ಚು. ಎಣ್ಣೆಗೂ ನೀರಿಗೂ ಕೂಡಿಬರುವುದಿಲ್ಲವೆಂಬ ಒಂದೇ ಸಂಗತಿಯನ್ನು ಹಿಡಿದು 1796ರಲ್ಲಿ ಜರ್ಮನಿಯ ಸೆನೆಫೆಲ್ಡರ್ ಅದನ್ನು ಕಂಡುಹಿಡಿದನು. ಕನ್ನಡಿಗರಿಗೆ ಇದು ಹೊಸತಲ್ಲ. 1843ರಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವು ಮಂಗಳೂರಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿಯೇ ಅಚ್ಚಾಯಿತು. ಇಂದು ಕಲ್ಲಿನ ಜಾಗದಲ್ಲಿ ಅಲ್ಯೂಮಿನಿಯಂ ತಗಡು ಬಂದಿದೆ. ಎಣ್ಣೆ ಮಸಿ ಮತ್ತು ನೀರಿನ ಆಟ ಮಾತ್ರ ಅದೇ.

ಎಣ್ಣೆಯ ಮಸಿ ಎರಡು ಹಂತಗಳಲ್ಲಿ ಒಣಗುತ್ತದೆ. ಮೊದಲು ಅದರ ತೆಳು ಎಣ್ಣೆಯನ್ನು ಕಾಗದ ಹೀರಿಕೊಳ್ಳುತ್ತದೆ. ಆಗ ಕೈಗೆ ಅಂಟದಷ್ಟು ಆಗುತ್ತದೆ. ಇದಕ್ಕೆ ಕೆಲವು ನಿಮಿಷ ಸಾಕು. ಆಮೇಲೆ ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಒಳಗಿನಿಂದ ಗಟ್ಟಿಯಾಗುತ್ತವೆ. ಇದಕ್ಕೆ ಗಂಟೆಗಳು, ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಮೊದಲ ಹಂತವನ್ನು ಕಂಡು ಎರಡನೆಯದೂ ಮುಗಿಯಿತೆಂದು ತಿಳಿಯುವುದೇ ಹೆಚ್ಚಿನ ನಷ್ಟಗಳ ಮೂಲ. ಒಳಗೆ ಹಸಿಯಿರುವ ಮಸಿಯ ಮೇಲೆ ಲೇಪ ಬಿದ್ದರೆ ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಕೆಳಗಿನ ಮಸಿ ಮೆತ್ತಗೇ ಉಳಿದು, ಮೇಲಿನ ಲೇಪವು ಕೆನೆಯಂತೆ ಎದ್ದು ಬರುತ್ತದೆ.

ಆದುದರಿಂದ ಅಚ್ಚಾದ ಮೇಲೆ ಕನಿಷ್ಠ 24 ಗಂಟೆ ಕಾಯಬೇಕು. ಕಡುಬಣ್ಣ ಹೆಚ್ಚಾಗಿ ತುಂಬಿದ ಕೆಲಸಕ್ಕೆ 48ರಿಂದ 72 ಗಂಟೆ ಬೇಕು. ಸೂರತ್ತಿನ ಮಳೆಗಾಲದಲ್ಲಿ ಗಾಳಿಯ ತೇವದಿಂದ ಒಣಗುವುದು ಇನ್ನೂ ನಿಧಾನ. ಯಂತ್ರದಲ್ಲಿ ನೀರು ಹೆಚ್ಚಾಗಿ ಬಿಟ್ಟರೂ ಇದೇ ತೊಂದರೆ. ಆ ನೀರಿನ ಆಮ್ಲತೆಯನ್ನು ಪಿ.ಎಚ್. 4.5ರಿಂದ 5.5ರೊಳಗೆ ಇಡುವುದು ವಾಡಿಕೆ. ಆಮ್ಲ ಇದಕ್ಕಿಂತ ಹೆಚ್ಚಾದರೆ ಮಸಿಯನ್ನು ಒಣಗಿಸುವ ಡ್ರೈಯರ್ ತನ್ನ ಕೆಲಸ ಮಾಡಲಾರದು. ಬೇಗ ಒಣಗಲೆಂದು ಡ್ರೈಯರನ್ನು ಅಳತೆ ಮೀರಿ ಸುರಿಯುವುದೂ ತಪ್ಪು. ಆಗ ಮಸಿಯ ಮೇಲ್ಮೈ ಗಾಜಿನಂತೆ ಬಿಗಿದುಕೊಂಡು ಲೇಪಕ್ಕೆ ಹಿಡಿತವೇ ಸಿಗುವುದಿಲ್ಲ.

ನಾಲ್ಕು ಬಣ್ಣಗಳ ಅಚ್ಚಿನಲ್ಲಿ ಒಂದೊಂದು ಬಣ್ಣವೂ ಪೂರ್ತಿ ಬಿದ್ದರೆ ಒಟ್ಟು 400 ಪ್ರತಿಶತ ಎಂದು ಲೆಕ್ಕ. ಲೇಪದ ಕೆಲಸದಲ್ಲಿ ಯಾವ ಜಾಗದಲ್ಲಿಯೂ ಅದು 300ನ್ನು ಮೀರದಂತೆ ಚಿತ್ರವನ್ನು ಸಿದ್ಧಪಡಿಸುವಾಗಲೇ ನೋಡಿಕೊಳ್ಳುವುದು ಕ್ಷೇಮ.

ಮೇಣ ಇರಬಾರದು

ಕೆಸುವಿನ ಎಲೆಯ ಮೇಲೆ ನೀರು ಹನಿಹನಿಯಾಗಿ ಉರುಳುವುದನ್ನು ಊರಿನಲ್ಲಿ ಎಲ್ಲರೂ ನೋಡಿದ್ದೇವೆ. ಎಲೆಯ ಮೇಲಿನ ಮೇಣದಂಥ ಹೊದಿಕೆ ನೀರನ್ನು ಹರಡಲು ಬಿಡುವುದಿಲ್ಲ. ಸಾಮಾನ್ಯ ಮಸಿಗಳಲ್ಲಿಯೂ ಉಜ್ಜಿದರೆ ಕೆಡದಿರಲೆಂದು ಮೇಣ ಬೆರೆಸಿರುತ್ತಾರೆ. ಮಸಿ ಒಣಗುವಾಗ ಈ ಮೇಣ ಮೇಲಕ್ಕೆ ಬಂದು ನಿಲ್ಲುತ್ತದೆ. ಆಗ ಲೇಪದ ದ್ರವವು ಅಲ್ಲಲ್ಲಿ ಹಿಂಜರಿದು ಸಣ್ಣ ಕುಳಿಗಳಾಗುತ್ತವೆ. ಅಥವಾ ಹರಡಿದಂತೆ ಕಂಡರೂ ಮಡಿಸುವಾಗ ಸಿಪ್ಪೆ ಏಳುತ್ತದೆ. ಸಿಲಿಕೋನ್ ಬೆರೆತಿದ್ದರೂ ಇದೇ ಗತಿ.

ಇದನ್ನು ಅಳೆಯಲು ‘ಡೈನ್’ ಎಂಬ ಮಾನವಿದೆ. ಒಂದು ಮೇಲ್ಮೈಯು ದ್ರವವನ್ನು ತನ್ನ ಮೇಲೆ ಹರಡಿಸಿಕೊಳ್ಳುವ ಶಕ್ತಿಯ ಅಳತೆ ಅದು ಎಂದುಕೊಳ್ಳಬಹುದು. ಲೇಪಕ್ಕೆ ಬರುವ ಹಾಳೆಯಲ್ಲಿ ಅದು ಸೆಂಟಿಮೀಟರಿಗೆ 38 ಡೈನ್‌ಗಿಂತ ಕಡಿಮೆ ಇರಬಾರದೆಂಬುದು ವ್ಯವಹಾರದಲ್ಲಿರುವ ನಿಯಮ. ಇದನ್ನು ನೋಡಲು ಡೈನ್ ಪೆನ್ನುಗಳು ದೊರೆಯುತ್ತವೆ. 38ರ ಪೆನ್ನಿನಿಂದ ಅಚ್ಚಾದ ಭಾಗದ ಮೇಲೆ ಒಂದು ಗೆರೆ ಎಳೆಯಿರಿ. ಎರಡು ಸೆಕೆಂಡಿನವರೆಗೆ ಗೆರೆ ಗೆರೆಯಾಗಿಯೇ ನಿಂತರೆ ಸರಿ. ಹನಿಹನಿಯಾಗಿ ಕೂಡಿಕೊಂಡರೆ ಆ ಹಾಳೆಗೆ ಲೇಪ ಹಿಡಿಯದು.

ಮುದ್ರಣಾಲಯಕ್ಕೆ ಆರ್ಡರು ಕೊಡುವಾಗಲೇ “ಯು.ವಿ. ಲೇಪ ಬರಲಿದೆ, ಮೇಣ, ಸಿಲಿಕೋನ್ ಇಲ್ಲದ ಮಸಿ ಬಳಸುವುದು” ಎಂದು ಬರೆದುಬಿಟ್ಟರೆ ಈ ತೊಂದರೆಯ ಬೇರನ್ನೇ ಕಿತ್ತಂತೆ. ಅಚ್ಚಾದ ಮೇಲೆ ಮೇಣವನ್ನು ಹೊರತೆಗೆಯುವ ಸುಲಭ ಉಪಾಯವಿಲ್ಲ. ಮೇಣವಿರುವ ಹಾಳೆಯನ್ನು ವಾರಗಟ್ಟಲೆ ಇಟ್ಟರೆ ಮೇಣ ಇನ್ನಷ್ಟು ಮೇಲೇರುವುದರಿಂದ, ಬಹಳ ಬೇಗ ಕಳುಹಿಸುವುದು ಹೇಗೆ ತಪ್ಪೋ ಬಹಳ ತಡವಾಗಿ ಕಳುಹಿಸುವುದೂ ಹಾಗೆಯೇ ತಪ್ಪು.

ಬಣ್ಣಗಳಲ್ಲಿಯೂ ಎಚ್ಚರ ಬೇಕು. ರಿಫ್ಲೆಕ್ಸ್ ನೀಲಿ, ರೋಡಮಿನ್ ಕೆಂಪು, ಕೆಲವು ನೇರಳೆ ಬಣ್ಣಗಳು ಲೇಪದ ಕೆಳಗೆ ದಿನ ಕಳೆದಂತೆ ಮಾಸುತ್ತವೆ, ಇಲ್ಲವೆ ಹರಡುತ್ತವೆ. ಇಂದು ಚೆನ್ನಾಗಿ ಕಂಡ ನೀಲಿ ಕೆಲವು ದಿನಗಳಲ್ಲಿ ಕೆಂಪುಛಾಯೆಗೆ ತಿರುಗಬಹುದು. ಇಂಥ ಬಣ್ಣ ಬೇಕಾದರೆ ಲೇಪಕ್ಕೆ ತಡೆಯುವ ಬಗೆಯನ್ನು ಮಸಿಯ ಕಂಪನಿಯಿಂದ ಕೇಳಿ ತರಿಸಬೇಕು. ಚಿನ್ನ, ಬೆಳ್ಳಿ ಬಣ್ಣದ ಲೋಹದ ಮಸಿಗಳ ಹಿಡಿತ ಸ್ವಭಾವತಃ ಸಡಿಲ. ಮೊದಲು ಕೆಲವು ಹಾಳೆಗಳ ಮೇಲೆ ಪ್ರಯೋಗ ಮಾಡದೆ ಅವಕ್ಕೆ ಕೈಹಾಕಬಾರದು.

ಪೌಡರಿನ ಪೀಡೆ

ಅಚ್ಚಾಗಿ ಬಿದ್ದ ಹಾಳೆಯ ಹಸಿ ಮಸಿ ಮೇಲಿನ ಹಾಳೆಯ ಬೆನ್ನಿಗೆ ಅಂಟದಿರಲೆಂದು ಯಂತ್ರವು ಗಂಜಿಯ ಹಿಟ್ಟಿನಂಥ ಪುಡಿಯನ್ನು ಸಿಂಪಡಿಸುತ್ತದೆ. ಅದರ ಕಣಗಳು ಸಾಮಾನ್ಯವಾಗಿ 15ರಿಂದ 30 ಮೈಕ್ರಾನ್ ಗಾತ್ರದವು. ರೋಲರಿನಿಂದ ಹಚ್ಚುವ ಲೇಪವೋ ಚದರ ಮೀಟರಿಗೆ 3ರಿಂದ 5 ಗ್ರಾಂ. ಅಂದರೆ ಹೆಚ್ಚುಕಡಿಮೆ ಅಷ್ಟೇ ಮೈಕ್ರಾನ್ ದಪ್ಪ. ಕಣವು ಲೇಪಕ್ಕಿಂತ ನಾಲ್ಕೈದು ಪಟ್ಟು ದೊಡ್ಡದು! ತೆಳು ಪಂಚೆಯ ಕೆಳಗೆ ರಾಗಿ ಚೆಲ್ಲಿದರೆ ಹೇಗೋ ಹಾಗೆ, ಕೈಯಾಡಿಸಿದರೆ ಉಪ್ಪುಕಾಗದದಂತೆ ತರತರಿ ಎನ್ನುತ್ತದೆ.

ಇದಕ್ಕೆ ಪರಿಹಾರಗಳು ಮೂರು. ಪುಡಿಯನ್ನು ಎಷ್ಟು ಕಡಿಮೆ ಸಾಧ್ಯವೋ ಅಷ್ಟೇ, ಅತಿ ಸಣ್ಣ ಕಣದ್ದನ್ನೇ ಬಳಸುವುದು. ಹಾಳೆಗಳನ್ನು ಎತ್ತರದ ಒಂದೇ ರಾಶಿಯಾಗಿ ಒಟ್ಟದೆ ಸಣ್ಣ ಸಣ್ಣ ರಾಶಿಗಳಾಗಿ ಇಡುವುದು. ಭಾರ ಕಡಿಮೆಯಾದರೆ ಪುಡಿಯ ಅಗತ್ಯವೂ ಕಡಿಮೆ, ಗಾಳಿಯೂ ಆಡುತ್ತದೆ. ಲೇಪಕ್ಕೆ ಮುನ್ನ ಬ್ರಷ್ ಯಂತ್ರದಲ್ಲಿ ಹಾಯಿಸಿ ಪುಡಿಯನ್ನು ತೆಗೆಯುವುದು. ಕೈಯಲ್ಲಿ ಬಟ್ಟೆ ಹಿಡಿದು ಒರೆಸಿದರೆ ಗೀರು ಬೀಳುವುದೇ ಹೆಚ್ಚು.

ಕಾಗದ ಮತ್ತು ಖಾಲಿ ಬಿಡಬೇಕಾದ ಜಾಗ

ಆರ್ಟ್ ಪೇಪರ್, ಆರ್ಟ್ ಕಾರ್ಡ್, ಮೇಲ್ಮೈ ಲೇಪವಿರುವ ರಟ್ಟು, ಇವು ಯು.ವಿ. ಲೇಪಕ್ಕೆ ಒಳ್ಳೆಯವು. ಮ್ಯಾಪ್‌ಲಿಥೋದಂಥ ಕಾಗದ ದ್ರವವನ್ನು ಹೀರಿಬಿಡುತ್ತದೆ. ಹೀರಿದ ದ್ರವಕ್ಕೆ ಬೆಳಕು ತಾಗದೆ ಅದು ಹಸಿಯಾಗಿಯೇ ಉಳಿದು ವಾಸನೆ ಹೊಡೆಯುತ್ತದೆ. ಅಂಥ ಕಾಗದಕ್ಕೆ ಮೊದಲು ಪ್ರೈಮರ್ ಹಚ್ಚಬೇಕು. ಚದರ ಮೀಟರಿಗೆ 130 ಗ್ರಾಂಗಿಂತ ತೆಳುವಾದ ಹಾಳೆ ದೀಪದ ಬಿಸಿಗೆ ಸುರುಳಿಯಾಗುತ್ತದೆ. ಮೇ ತಿಂಗಳ ಅಹಮದಾಬಾದಿನ ಒಣಗಾಳಿಯಲ್ಲಿ ಬಿಚ್ಚಿಟ್ಟ ಹಾಳೆ ತೇವ ಕಳೆದುಕೊಂಡು ಅಂಚು ಬಾಗುತ್ತದೆ. ಜುಲೈನಲ್ಲಿ ತೇವ ಹೀರಿ ಅಂಚು ಅಲೆಯಾಗುತ್ತದೆ. ಮಸಿ ಒಣಗಿದ ಮೇಲೆ ರಾಶಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿ ಕಳುಹಿಸಬೇಕು. ಟೆಂಪೋದಲ್ಲಿ ತೆರೆದೇ ಹೇರಿಕೊಂಡು ಹೋಗಬಾರದು.

ಮೇಣಕ್ಕೆ ಹೇಳಿದ ಮಾತೇ ಗಟ್ಟಿಯಾದ ಲೇಪಕ್ಕೂ ಅನ್ವಯಿಸುತ್ತದೆ. ಅದರ ಮೇಲೆ ಗೋಂದು ಹಿಡಿಯದು, ಪೆನ್ನು ಬರೆಯದು, ರಬ್ಬರ್ ಮೊಹರು ನಿಲ್ಲದು. ಆದುದರಿಂದ ಪೆಟ್ಟಿಗೆಯ ಅಂಟಿಸುವ ಪಟ್ಟಿ, ಔಷಧದ ಡಬ್ಬಿಯಲ್ಲಿ ಬ್ಯಾಚ್ ಸಂಖ್ಯೆ ಮತ್ತು ಅವಧಿ ಒತ್ತುವ ಜಾಗ, ಪುಸ್ತಕದ ಹೊದಿಕೆಯಲ್ಲಿ ಬೆನ್ನಿನ ಒಳಭಾಗ, ಮದುವೆ ಕಾಗದದಲ್ಲಿ ಹೆಸರು ಬರೆಯುವ ಸಾಲು, ಇವನ್ನು ಲೇಪವಿಲ್ಲದೆ ಬಿಡಬೇಕೆಂದು ನಕ್ಷೆಯಲ್ಲಿಯೇ ಗುರುತಿಸಬೇಕು. ಮಡಿಕೆಯು ಕಾಗದದ ನಾರಿನ ಓಟಕ್ಕೆ ಸಮನಾಗಿ ಬಂದರೆ ಲೇಪ ಬಿರಿಯುವುದು ಕಡಿಮೆ. ಅಡ್ಡವಾಗಿ ಬಂದರೆ ಹೆಚ್ಚು. ಎಲ್ಲ ಹಾಳೆಗಳ ಗ್ರಿಪ್ಪರ್ ಅಂಚೂ ಒಂದೇ ಕಡೆಗಿರುವಂತೆ ಜೋಡಿಸಿ, ಆ ಅಂಚಿಗೂ ಪಕ್ಕದ ಅಂಚಿಗೂ ಗುರುತು ಹಾಕಬೇಕು. ಹೂವು ಅಥವಾ ಹೆಸರಿನ ಮೇಲಷ್ಟೇ ಲೇಪ ಹಚ್ಚುವ ಕೆಲಸದಲ್ಲಿ ಇದು ಬಲು ಮುಖ್ಯ. ಗುರುತು ತಪ್ಪಿದರೆ ಲೇಪ ಹೂವನ್ನು ಬಿಟ್ಟು ಪಕ್ಕಕ್ಕೆ ಕೂರುತ್ತದೆ. ಮೂಲೆ ಮಡಿದ, ಹರಿದ, ಒದ್ದೆಯಾದ ಹಾಳೆಗಳನ್ನು ಮೊದಲೇ ಆರಿಸಿ ತೆಗೆಯಿರಿ. ಯಂತ್ರ ಹೊಂದಿಸಲು ಹಾಳಾಗುವ ಹಾಳೆಗಳೆಂದು ಹೆಚ್ಚಿಗೆ ಕೆಲವನ್ನು ಎಣಿಸಿ ಕೊಡಿ.

ಮೂರು ಸಣ್ಣ ಪರೀಕ್ಷೆಗಳು

ಮೊದಲನೆಯದು, ರಾಶಿಯ ನಡುವಿನಿಂದ ಒಂದು ಹಾಳೆ ಎಳೆದು, ಕಡುಬಣ್ಣವಿರುವ ಕಡೆ ಹೆಬ್ಬೆರಳನ್ನು ಒತ್ತಿ ತಿರುವಿ ನೋಡುವುದು. ಬೆರಳಿಗೆ ಮಸಿ ಬಂದರೆ ರಾಶಿ ಇನ್ನೂ ಒಣಗಿಲ್ಲ. ಮೇಲಿನ ಹಾಳೆಯನ್ನು ನೋಡಿ ತೀರ್ಮಾನಿಸಬಾರದು; ಅದಕ್ಕೆ ಗಾಳಿ ಹೆಚ್ಚು. ಎರಡನೆಯದು, ಡೈನ್ ಪೆನ್ನಿನ ಗೆರೆ. ಮೂರನೆಯದು, ಹತ್ತಿಪ್ಪತ್ತು ಹಾಳೆಗಳಿಗೆ ಮಾತ್ರ ಲೇಪ ಹಚ್ಚಿ, ಬ್ಲೇಡಿನಿಂದ ಮೆಲ್ಲಗೆ ಅಡ್ಡ ಉದ್ದ ಗೆರೆ ಗೀರಿ, ಅಂಟುಪಟ್ಟಿಯನ್ನು ಒತ್ತಿ ಹಚ್ಚಿ ಎಳೆಯುವುದು. ಪಟ್ಟಿಯೊಡನೆ ಲೇಪ ಎದ್ದು ಬಂದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಆಗ ಹೋಗುವುದು ಇಪ್ಪತ್ತು ಹಾಳೆ. ನಿಲ್ಲಿಸದಿದ್ದರೆ ಹೋಗುವುದು ಆರು ಸಾವಿರ.

ಆರು ಸಾವಿರವೆಂದು ಸುಮ್ಮನೆ ಹೇಳಲಿಲ್ಲ. ನಮ್ಮ ವಾಚನಾಲಯಕ್ಕೆ ಬರುವ ಒಬ್ಬ ಹುಡುಗನು ಲೇಪದ ಕೆಲಸದಲ್ಲಿದ್ದನು. ದೀಪಾವಳಿಯ ಗಡಿಬಿಡಿಯಲ್ಲಿ ಸೀರೆ ಪೆಟ್ಟಿಗೆಯ ಆರು ಸಾವಿರ ಹಾಳೆಗಳು ರಾತ್ರಿ ಅಚ್ಚಾಗಿ ಬೆಳಿಗ್ಗೆಯೇ ಅವನ ಯಂತ್ರಕ್ಕೆ ಬಂದವು. ಲೇಪ ಕಣ್ಣಿಗೆ ಚೆನ್ನಾಗಿಯೇ ಬಂತು. ಮೂರನೆಯ ದಿನ ಪಂಚಿಂಗ್ ಯಂತ್ರದಲ್ಲಿ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಸೇಠರು ಹುಡುಗನ ಹತ್ತು ದಿನದ ಸಂಬಳ ಹಿಡಿದರು. ಹಾಳೆ ಯಾವ ಗಂಟೆಗೆ ಅಚ್ಚಾಯಿತು, ಯಾವ ಮಸಿ ಬಳಸಿದರು ಎಂಬ ಒಂದು ಸಾಲೂ ಎಲ್ಲಿಯೂ ಬರೆದಿರಲಿಲ್ಲ. ಅವನು ಏನು ತೋರಿಸಿ ವಾದಿಸಿಯಾನು?

ಚೀಟಿಯ ಬೆಲೆ

ಹಾಳೆಯ ಪ್ರತಿ ರಾಶಿಯೊಡನೆ ಒಂದು ಚೀಟಿ ಹೋಗಬೇಕು. ಅದರಲ್ಲಿ ಇಷ್ಟು ಇದ್ದರೆ ಸಾಕು: ಕೆಲಸದ ಹೆಸರು, ಹಾಳೆಗಳ ಎಣಿಕೆ, ಕಾಗದದ ಬಗೆ ಮತ್ತು ತೂಕ, ಮಸಿಯ ಹೆಸರು, ಅಚ್ಚು ಮುಗಿದ ದಿನಾಂಕ ಮತ್ತು ಗಂಟೆ, ಪುಡಿ ಬಳಸಿದ್ದುಂಟೆ, ಗ್ರಿಪ್ಪರ್ ಅಂಚು ಯಾವುದು, ಖಾಲಿ ಬಿಡುವ ಜಾಗ ಯಾವುದು. ಲೇಪದವರು ಅದರ ಕೆಳಗೆ ಬಂದ ಗಂಟೆ, ಬೆರಳಿನ ಪರೀಕ್ಷೆ, ಡೈನ್ ಪೆನ್ನಿನ ಪರೀಕ್ಷೆ, ಅಂಟುಪಟ್ಟಿಯ ಪರೀಕ್ಷೆಗಳ ಫಲವನ್ನು ಬರೆದು ಸಹಿ ಹಾಕಬೇಕು. ಇದಕ್ಕೆ ಎರಡು ನಿಮಿಷ ಸಾಕು. ಕನ್ನಡದಲ್ಲಾಗಲಿ, ಗುಜರಾತಿಯಲ್ಲಾಗಲಿ, ಹಿಂದಿಯಲ್ಲಾಗಲಿ ಬರೆಯಿರಿ, ಓದಲು ಬರುವಂತಿರಲಿ. ಫೋನಿನಲ್ಲಿ ಅದರ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ.

ಸಂಬಳ ಹಿಡಿಯುವ ವಿಷಯದಲ್ಲಿ ಕಾನೂನು ಹೇಳುವುದನ್ನೂ ತಿಳಿದಿರಬೇಕು. ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ಮಾಲು ಅವನ ನಿರ್ಲಕ್ಷ್ಯದಿಂದಲೇ ನೇರವಾಗಿ ಹಾಳಾಗಿದ್ದರೆ ಮಾತ್ರ ಸಂಬಳದಲ್ಲಿ ಕಡಿತ ಮಾಡಬಹುದು. ಅದೂ ನಷ್ಟದ ಮೊತ್ತವನ್ನು ಮೀರಬಾರದು. ಮತ್ತು ತನ್ನ ಸಮಾಧಾನ ಹೇಳಲು ಅವನಿಗೆ ಮೊದಲು ಅವಕಾಶ ಕೊಡಬೇಕು. 1936ರ ವೇತನ ಪಾವತಿ ಕಾಯಿದೆಯಲ್ಲಿದ್ದ ಈ ನಿಯಮವನ್ನು 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ಆದರೆ ಅವಕಾಶ ಕೊಟ್ಟಾಗ ಹೇಳಲು ಕೈಯಲ್ಲಿ ಏನಾದರೂ ಇರಬೇಕಷ್ಟೆ? ಅದೇ ಆ ಚೀಟಿ.

ಮೈ ಕಾಯ್ದುಕೊಳ್ಳುವುದು

ಗಟ್ಟಿಯಾದ ಲೇಪವನ್ನು ಮುಟ್ಟಲು ಭಯವಿಲ್ಲ. ಹಸಿ ದ್ರವ ಮಾತ್ರ ಚರ್ಮಕ್ಕೆ ಕೆಟ್ಟದ್ದು. ಮೊದಲು ಏನೂ ಆಗದಿರಬಹುದು. ಪದೇ ಪದೇ ತಾಗಿದರೆ ಕೆಲವರಿಗೆ ತುರಿಕೆ, ಗುಳ್ಳೆ ಏಳುತ್ತವೆ. ಒಮ್ಮೆ ಮೈಗೆ ಆ ಅಲರ್ಜಿ ಅಂಟಿಕೊಂಡರೆ ಸಾಮಾನ್ಯವಾಗಿ ಆಯುಷ್ಯಪೂರ್ತಿ ಬಿಡುವುದಿಲ್ಲ. ಆಮೇಲೆ ಒಂದು ಹನಿ ತಾಗಿದರೂ ಏಳುತ್ತದೆ. ಆದುದರಿಂದ ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ದ್ರವ ತಾಗಿದರೆ ಸಾಬೂನು ನೀರಿನಿಂದ ತೊಳೆಯಿರಿ. ಥಿನ್ನರಿನಿಂದ ಒರೆಸಿದರೆ ದ್ರವ ಚರ್ಮದೊಳಗೆ ಇನ್ನಷ್ಟು ಇಳಿಯುತ್ತದೆ. ನೆನೆದ ಬಟ್ಟೆಯನ್ನು ತಕ್ಷಣ ಬದಲಿಸಿ. ಉರಿಯುವ ದೀಪವನ್ನು ಬರಿಗಣ್ಣಿನಿಂದ ನೋಡಬಾರದು. ವೆಲ್ಡಿಂಗ್ ಬೆಳಕನ್ನು ನೋಡಿದವರಿಗೆ ಆಗುವಂತೆ ರಾತ್ರಿ ಕಣ್ಣಿನಲ್ಲಿ ಮರಳು ಹೊಕ್ಕಂತಾಗುತ್ತದೆ. ದೀಪದ ಬಳಿ ಘಾಟು ವಾಸನೆ ಬಂದರೆ ಅದು ಓಝೋನ್ ಅನಿಲ. ಅದನ್ನು ಹೊರಗೆಳೆಯುವ ಫ್ಯಾನು ಓಡುತ್ತಿದೆಯೇ ನೋಡಿ.

ತಿನ್ನುವ ಪದಾರ್ಥದ ಡಬ್ಬಿಯಾದರೆ ಇನ್ನೊಂದು ಎಚ್ಚರ. 2005ರಲ್ಲಿ ಇಟಲಿಯಲ್ಲಿ ಶಿಶುಗಳ ಹಾಲಿನ ಡಬ್ಬಿಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ಡಬ್ಬಿಯ ಹೊರಗಿನ ಯು.ವಿ. ಮಸಿಯಲ್ಲಿದ್ದ, ಬೆಳಕಿಗೆ ಎಚ್ಚರಗೊಳ್ಳುವ ದ್ರವ್ಯವೊಂದು ಹಾಲಿಗೆ ಸೇರಿತ್ತು. ಸಿಹಿತಿಂಡಿ ಪೆಟ್ಟಿಗೆಯ ಒಳಮೈಗೆ ಈ ಲೇಪ ಬರಲೇಬಾರದು. ಹೊರಮೈಗೂ ಆಹಾರಕ್ಕೆ ಯೋಗ್ಯವೆಂದು ತಯಾರಕರು ಬರೆದುಕೊಟ್ಟ ದ್ರವವನ್ನೇ ಬಳಸಬೇಕು.

ಒಟ್ಟಿನಲ್ಲಿ ನೆನಪಿಡಬೇಕಾದದ್ದು ಇಷ್ಟು: ಮೇಣವಿಲ್ಲದ ಮಸಿ, ಅಳತೆಯ ನೀರು, ಅತಿ ಕಡಿಮೆ ಪುಡಿ, ತಕ್ಕ ಕಾಗದ, ಕನಿಷ್ಠ 24 ಗಂಟೆಯ ತಾಳ್ಮೆ, ಮೂರು ಪರೀಕ್ಷೆ, ಒಂದು ಚೀಟಿ. ಈ ಕೆಲಸದಲ್ಲಿರುವ ವಾಚಕರು ತಮ್ಮ ಅನುಭವವನ್ನೋ ಸಂದೇಹವನ್ನೋ ವಾಚನಾಲಯದ ಪ್ರಶ್ನೆ ಪುಸ್ತಕದಲ್ಲಿ ಬರೆದರೆ ಮುಂದಿನ ಸಂಚಿಕೆಯಲ್ಲಿ ಚರ್ಚಿಸೋಣ. ಚೀಟಿಯ ಮಾದರಿಯನ್ನು ಕನ್ನಡ, ಗುಜರಾತಿ ಎರಡರಲ್ಲಿಯೂ ಬರೆದು ಪತ್ರಿಕೆಗಳ ಮೇಜಿನ ಮೇಲೆ ಇಟ್ಟಿದೆ. ಬೇಕಾದವರು ನಕಲು ಮಾಡಿಕೊಳ್ಳಬಹುದು.